ಹೊಲ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಎಳ್ಳ ಅಮಾವಾಸ್ಯೆಯ ಚರಗ ಎಲ್ಲಿ ಚೆಲ್ಲಬೇಕು?

ಘಟಪ್ರಭೆ ದಂಡೆ, ಬೆಳಗಾವಿ

ಎಲ್ಲರಿಗೂ ನಮಸ್ಕಾರ.

ನಮ್ಮದು ಬಾಗಲಕೋಟೆಗೆ ಹತ್ತಿರ, ಘಟಪ್ರಭೆಯ ದಂಡೆಯ ಮೇಲಿದ್ದ ಹಳ್ಳಿ. ಆಲಮಟ್ಟಿಯ ಹಿನ್ನೀರು ಏರಿದಾಗ ಊರೂ ಹೋಯಿತು, ಊರ ಮುಂದಿನ ಎರೆಹೊಲವೂ ಹೋಯಿತು. ಪರಿಹಾರದ ದುಡ್ಡಿನಲ್ಲಿ ಅಪ್ಪ ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸಿದರು. ಹೊಲ ಕೊಳ್ಳಲು ದುಡ್ಡು ಸಾಲಲಿಲ್ಲ. ಮುಳುಗಡೆಯವರೆಲ್ಲ ಒಮ್ಮೆಲೇ ಹೊಲ ಹುಡುಕಲು ಹೊರಟಿದ್ದರಿಂದ ಸುತ್ತಲಿನ ದರ ಕೈಗೆ ಎಟುಕದಷ್ಟು ಏರಿತ್ತು. ಅಪ್ಪ ಈಗಿಲ್ಲ. ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಅವ್ವ ಸ್ವಲ್ಪ ದಿನ ನವನಗರದಲ್ಲಿ, ಸ್ವಲ್ಪ ದಿನ ನಮ್ಮೊಂದಿಗೆ.

ಎಳ್ಳ ಅಮಾವಾಸ್ಯೆ, ಅಂದರೆ ಹೊಲಕ್ಕೆ ಅಡುಗೆ ಒಯ್ದು, ಎಡೆ ಹಿಡಿದು, ಆ ಎಡೆಯನ್ನೇ ಬೆಳೆಯ ಮೇಲೆ ಚರಗವಾಗಿ ಚೆಲ್ಲುವ ಹಬ್ಬ, ಬಂದರೆ ಅವ್ವ ಅಡುಗೆಯಲ್ಲಿ ಒಂದನ್ನೂ ಬಿಡುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಅಗಸಿ ಚಟ್ನಿ, ಕೆಂಪು ಖಾರ, ಮೊಸರನ್ನ. ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಬಿಳಿ ಬಟ್ಟೆ ಕಟ್ಟುತ್ತಾಳೆ. ಇಳಕಲ್ ಸೀರೆ ಉಟ್ಟು, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ತಾರಸಿಗೆ ಏರುತ್ತಾಳೆ. ತುಳಸಿ ಕುಂಡದ ಬದಿಗೆ ಐದು ಕಲ್ಲು ಇಟ್ಟಿದ್ದೇವೆ. ಅವುಗಳಿಗೆ ಸುಣ್ಣ ಬಳಿದು, ಎಡೆ ಹಿಡಿದು, ತಾರಸಿಯ ಸುತ್ತ ಚೆಲ್ಲುತ್ತೇವೆ. ಮುಗಿದ ಮೇಲೆ ಅವ್ವ ಏನೂ ಹೇಳುವುದಿಲ್ಲ. ಊಟವನ್ನೂ ಸರಿಯಾಗಿ ಮಾಡುವುದಿಲ್ಲ. ಕಳೆದ ಸಲ ಒಂದೇ ಮಾತು ಹೇಳಿದಳು: "ಸಿಮೆಂಟಿಗೆ ಹಸಿವೆ ಇರುವುದಿಲ್ಲ."

ಆ ಮಾತು ನನ್ನನ್ನು ಬಿಟ್ಟಿಲ್ಲ. ಈ ಸಲ ಸರಿಯಾಗಿ ಮಾಡಬೇಕು ಎಂದುಕೊಂಡಿದ್ದೇನೆ. ಅದಕ್ಕೆ ತಿಳಿದವರನ್ನು ಕೇಳುತ್ತಿದ್ದೇನೆ.

ಸ್ವಂತ ಹೊಲವಿಲ್ಲದವರು ಬೇರೆಯವರ ಹೊಲದಲ್ಲಿ ಚರಗ ಚೆಲ್ಲಬಹುದೇ? ನಮ್ಮ ಭಾವಕಿಯ (ದಾಯಾದಿಗಳ) ಹಿರಿಯರೊಬ್ಬರು ಕೂಡದು ಎನ್ನುತ್ತಾರೆ. ನೀರು ನಿಂತ ದಂಡೆಗೇ ಹೋಗಿ ನಮ್ಮ ಹೊಲವಿದ್ದ ದಿಕ್ಕಿಗೆ ಚೆಲ್ಲುವುದೋ? ಇನ್ನೊಂದು ವಿಷಯ: ಅಪ್ಪ ಮುಂದೆ ಕೂಗುತ್ತ ಹೋಗುತ್ತಿದ್ದರು, ಕಾಕಾ ಹಿಂದಿನಿಂದ ಉತ್ತರ ಕೊಡುತ್ತಿದ್ದರು. ನಾನು ಆಗ ಚಿಕ್ಕವನು, ಸುಲಗಾಯಿ (ಹಸಿ ಕಡಲೆ) ಕೀಳುವುದರಲ್ಲೇ ಇರುತ್ತಿದ್ದೆ. ಕ್ರಮ ಅರ್ಧಮರ್ಧ ನೆನಪಿದೆ. ನನಗೆ ಒಬ್ಬಳೇ ಮಗಳು. ಹಿಂದೆ ಬರುವವರು ಗಂಡುಮಕ್ಕಳೇ ಆಗಬೇಕೇ?

ಮುಳುಗಡೆ ಊರುಗಳ ಬೇರೆ ಜನ ಹೇಗೆ ಮಾಡುತ್ತಿದ್ದೀರಿ, ದಯವಿಟ್ಟು ಹೇಳಿ.

ಡೋಣಿ ಸೀಮೆ, ವಿಜಯಪುರ

ಅಣ್ಣ, ನಮ್ಮದು ಡೋಣಿ ನದಿಯ ದಂಡೆಯ ಎರೆ. "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಎಂದು ಗಾದೆ ಹುಟ್ಟಿದ ನೆಲ. ನಮ್ಮಲ್ಲಿ ಹಿರಿಯರು ಹೇಳುವುದು ಒಂದೇ: ಯಾರ ಹೊಲ ಅವರೇ ಚರಗ ಚೆಲ್ಲಬೇಕು. ಯಾಕೆಂದರೆ ಆ ನೆಲ ಉಣಿಸಿದ್ದು ನಿಮ್ಮ ಮನೆತನವನ್ನು, ಋಣ ಇರುವುದು ಆ ನೆಲದ ಮೇಲೆ. ನಮ್ಮ ಅಣ್ಣತಮ್ಮಂದಿರು ಪುಣೆಯಲ್ಲಿದ್ದಾರೆ, ಗೋವಾದಲ್ಲಿದ್ದಾರೆ. ಹೊಲವನ್ನು ಲಾವಣಿಗೆ (ಗೇಣಿಗೆ) ಹಾಕಿದ್ದೇವೆ. ಆದರೂ ಅಂದು ಎಲ್ಲರೂ ಬರುತ್ತಾರೆ, ದೀಪಾವಳಿಗೆ ಬರದವರೂ ಬರುತ್ತಾರೆ. ಲಾವಣಿ ಮಾಡುವವರದೂ ನಮ್ಮದೂ ಬುಟ್ಟಿಗಳು ಒಂದೇ ಗಿಡದ ಕೆಳಗೆ ಇಳಿಯುತ್ತವೆ.

ತಾರಸಿಯ ಮೇಲೆ ಮಾಡುವುದು ನನಗೂ ಸರಿ ಕಾಣುವುದಿಲ್ಲ. ಬೆಳೆ ಇಲ್ಲದ ಕಡೆ ಚರಗ ಹೇಗೆ? ಸಾಧ್ಯವಾದರೆ ಒಂದೆರಡು ಗುಂಟೆಯಾದರೂ ಹೊಲ ಕೊಂಡುಬಿಡಿ. ನಿಮ್ಮ ಅವ್ವನ ಮನಸ್ಸಿಗೆ ಅದಕ್ಕಿಂತ ಸಮಾಧಾನ ಬೇರೆ ಇಲ್ಲ.

ನಿವೃತ್ತ ಅಕ್ಕಾವರು, ಬೀಳಗಿ ತಾಲ್ಲೂಕು

ತಮ್ಮ, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಕೂರಲು ಆಗಲಿಲ್ಲ. ನಾನು ಹುಟ್ಟಿದ ಊರೂ ಹಿನ್ನೀರಿನಲ್ಲಿದೆ, ಕೃಷ್ಣೆಯ ಕಡೆಯದು. ಈಗ ಪುನರ್ವಸತಿ ಕೇಂದ್ರದಲ್ಲಿ ಮನೆ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾಗಿದ್ದೇನೆ.

ಕಡ್ಡಿ ಮುರಿದಂತೆ ಹೇಳುತ್ತೇನೆ: ಚರಗಕ್ಕೆ ಉತಾರ (ಪಹಣಿ) ಬೇಕಿಲ್ಲ. ಬೆಳೆ ನಿಂತ ನೆಲ ಬೇಕು, ಕೂಡಿ ಉಣ್ಣುವ ಜನ ಬೇಕು. ಇವೆರಡೂ ಇದ್ದರೆ ಉತಾರದಲ್ಲಿ ಹೆಸರು ಯಾರದೇ ಇರಲಿ, ಚರಗ ನೆಲಕ್ಕೆ ಮುಟ್ಟುತ್ತದೆ.

ಡೋಣಿ ಸೀಮೆಯ ಅಣ್ಣ ಹೇಳಿದ್ದು ಹೊಲವಿದ್ದ ಮನೆಗಳ ರೂಢಿ. ಅವರ ಮೇಲೆ ನನಗೆ ಸಿಟ್ಟಿಲ್ಲ, ಋಣದ ಮಾತನ್ನು ಒಪ್ಪುತ್ತೇನೆ. ಆದರೆ ಊರೆಂದರೆ ಹೊಲವಿದ್ದವರಷ್ಟೇ ಅಲ್ಲವಲ್ಲ! ನಮ್ಮ ಹಳೆಯ ಊರಿನಲ್ಲಿ ಗೇಣು ಹೊಲವಿಲ್ಲದ ಮನೆಗಳು ಎಷ್ಟೋ ಇದ್ದವು. ಕಳೆ ತೆಗೆಯುವವರು, ಜೋಳ ಕೀಳುವವರು, ದನ ಕಾಯುವವರು, ಕಂಬಾರರು, ಬಡಿಗೇರರು. ಅವರು ಎಳ್ಳ ಅಮಾವಾಸ್ಯೆಯ ದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರೇ? ತಾವು ದುಡಿದ ಹೊಲಕ್ಕೆ ತಮ್ಮ ಬುಟ್ಟಿ ತಾವೇ ಹೊತ್ತು ಬರುತ್ತಿದ್ದರು. ಎಡೆಯಲ್ಲಿ ಅವರ ಮನೆಯ ಕಡಬೂ ಇರುತ್ತಿತ್ತು. ಹೊಲದ ಗೌಡರು ಬೇಡ ಎಂದದ್ದನ್ನು ನಾನು ಕಂಡಿಲ್ಲ. ಅಂದು ಹೊಲಕ್ಕೆ ಬಂದವರನ್ನು ಉಣ್ಣಿಸದೆ ಕಳಿಸಿದರೆ ಬೆಳೆಗೆ ಒಳ್ಳೆಯದಲ್ಲ ಎಂಬ ಅಂಜಿಕೆ ಎಲ್ಲರಿಗೂ ಇತ್ತು. ದಾರಿಯಲ್ಲಿ ಹೋಗುವ ಅಪರಿಚಿತರನ್ನೂ ಕೂಗಿ ಕರೆಯುವ ಹಬ್ಬ ಇದು. ಎರಡು ಗುಂಟೆ ಕೊಳ್ಳದಿದ್ದರೆ ಚರಗದ ಹಕ್ಕಿಲ್ಲ ಎಂದರೆ ಅವರೆಲ್ಲರೂ ಇಷ್ಟು ತಲೆಮಾರು ಮಾಡಿದ್ದು ಏನು?

ನಿಮ್ಮ ಅವ್ವ ತಾರಸಿಯ ಬಗ್ಗೆ ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ. ಈ ಅಮಾವಾಸ್ಯೆ ಮಾರ್ಗಶಿರದ ಕೊನೆಗೆ ಬರುತ್ತದೆ. ಹಸ್ತ ಮಳೆಯ ಹೊತ್ತಿಗೆ ಬಿತ್ತಿದ ಬಿಳಿಜೋಳ ಆಗ ಹೊಡೆ ತುಂಬಿ, ಕೆಲವು ಕಡೆ ತೆನೆ ಹೊರಬಿದ್ದು ನಿಂತಿರುತ್ತದೆ. ಕಡಲೆ ಕಾಯಿ ಕಟ್ಟಿರುತ್ತದೆ, ಕುಸುಬಿ ಮುಳ್ಳು ಬಲಿಯುತ್ತಿರುತ್ತದೆ. ಬಸುರಿಯಾದ ಮಗಳಿಗೆ ಕುಬಸ ಮಾಡಿ, ಬಯಕೆಯ ಊಟ ಉಣಿಸುತ್ತೇವಲ್ಲ, ಇದು ಹೊಲಕ್ಕೆ ಮಾಡುವ ಕುಬಸ. ಆದ್ದರಿಂದ ಜೋಳವೋ ಕಡಲೆಯೋ ಗೋಧಿಯೋ ನಿಂತ ಹೊಲವೇ ಆಗಬೇಕು. ಬರಿ ನೆಲವೂ ಬೇಡ, ತಾರಸಿಯೂ ಬೇಡ.

ಕ್ರಮ ಕೇಳಿದ್ದೀರಿ. ನಮ್ಮ ಊರಿನದನ್ನು ಹೇಳುತ್ತೇನೆ, ನಿಮ್ಮ ಊರಿನದು ಇದರಿಂದ ಬಹಳ ದೂರವಿರಲಾರದು.

ಬೆಳಿಗ್ಗೆ ಮನೆಯ ದೇವರಿಗೆ ಪೂಜೆ ಮಾಡಿ ಬುಟ್ಟಿ ಕಟ್ಟುವುದು. ಕಟ್ಟಿದ ಮೇಲೆ ಹೊಲದಲ್ಲಿ ಎಡೆ ಹಿಡಿಯುವವರೆಗೆ ಯಾರೂ ಬಾಯಿಗೆ ಹಾಕಬಾರದು, ಮಕ್ಕಳಿಗೂ ಇಲ್ಲ. ಹೊಲದಲ್ಲಿ ಬನ್ನಿಗಿಡ ಇದ್ದರೆ ಅದರ ಬುಡ, ಇಲ್ಲದಿದ್ದರೆ ಯಾವುದಾದರೂ ಗಿಡದ ಬುಡ, ಅದೂ ಇಲ್ಲದಿದ್ದರೆ ಬದುವಿನ ಮೇಲೆ ಐದು ಕಲ್ಲು ಪೂರ್ವಕ್ಕೆ ಮುಖ ಮಾಡಿ ಸಾಲಾಗಿ ಇಡಿ. ಅವರು ಪಾಂಡವರು. ಕಲ್ಲು ಆ ಹೊಲದವೇ ಇರಲಿ, ಮನೆಯಿಂದ ಒಯ್ಯಬೇಡಿ. ತೊಳೆದು ಸುಣ್ಣ ಬಳಿದು, ಕುಂಕುಮ ಅರಿಷಿಣ ಹಚ್ಚಿ, ಹೊಲದ ಹೂವೇ ಏರಿಸಿ. ಎಲೆಯ ಮೇಲೆ ಎಡೆ ಬಡಿಸಿ, ಕಾಯಿ ಒಡೆದು, ಆರತಿ ಬೆಳಗುವುದು.

ಆಮೇಲೆ ಎಡೆಯಲ್ಲಿದ್ದ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೆಗೆದು ಮೊಸರನ್ನದೊಂದಿಗೆ ಕಲಸಿ ಒಂದು ಬೋಗುಣಿಗೆ ಹಾಕಿಕೊಳ್ಳಿ. ರೊಟ್ಟಿಯನ್ನು ಕೈಯಲ್ಲಿ ಮುರಿದು ಹಾಕಿ, ಹೋಳಿಗೆಯನ್ನು ಚೂರು ಮಾಡಿ. ಮುಂದಿನವರ ಕೈಯಲ್ಲಿ ಬೋಗುಣಿ, ಹಿಂದಿನವರ ಕೈಯಲ್ಲಿ ನೀರಿನ ತಂಬಿಗೆ. ಮುಂದಿನವರು "ಹುಲ್ಲುಲ್ಲಿಗೋ" ಎಂದು ಕೂಗಿ ಒಂದು ಹಿಡಿ ಬೆಳೆಯ ಮೇಲೆ ಬೀಸುವುದು. ಹಿಂದಿನವರು "ಚಲ್ಲಂಬರಿಗೋ" ಎಂದು ಉತ್ತರ ಕೊಟ್ಟು ನೀರು ಚಿಮುಕಿಸುವುದು. ಕೂಗು ಊರಿಂದ ಊರಿಗೆ ಬೇರೆ ಬೇರೆ ಇದೆ. ನಿಮ್ಮ ಅವ್ವನಿಗೆ ನಿಮ್ಮ ಅಪ್ಪನ ಕೂಗು ನೆನಪಿದ್ದೇ ಇರುತ್ತದೆ, ಅದನ್ನೇ ಕೂಗಿ. ಸಣ್ಣ ದನಿಯಲ್ಲಿ ಬೇಡ. ನೆರೆಯ ಹೊಲದವರಿಗೆ ಕೇಳಿಸಬೇಕು, ಅವರ ಕೂಗು ನಿಮಗೆ ಕೇಳಿಸಬೇಕು. ಹೀಗೆ ಬದುವಿನ ಗುಂಟ ನಾಲ್ಕೂ ದಿಕ್ಕು ಸುತ್ತಿ ಬಂದರೆ ಮುಗಿಯಿತು. ಹಕ್ಕಿಗಳು ಹಿಂದೆಯೇ ಇಳಿಯುತ್ತವೆ. ಅನ್ನಕ್ಕೆಂದು ಬಂದವು ಕಡಲೆಯ ಕಾಯಿಕೊರಕ ಹುಳುವನ್ನೂ ಹೆಕ್ಕುತ್ತವೆ ಎಂದು ರೈತರು ಹೇಳುತ್ತಾರೆ.

ಒಂದು ಎಚ್ಚರಿಕೆ. ಮಗಳನ್ನು ಕಡಲೆ ಹೊಲದಲ್ಲಿ ಬರಿಗಾಲಿನಲ್ಲಿ ಬಿಡಬೇಡಿ. ಇಬ್ಬನಿ ಇರುವ ಹೊತ್ತಿನಲ್ಲಿ ಕಡಲೆ ಎಲೆಯ ಹುಳಿ ಕಾಲಿಗೆ ಹತ್ತಿದರೆ ಉರಿಯುತ್ತದೆ, ಗಾಯವಿದ್ದರಂತೂ ಕೇಳಲೇಬೇಡಿ. ಆ ಹುಳಿಯನ್ನೇ ನಮ್ಮ ಆಯಿ ರಾತ್ರಿ ಬೆಳೆಯ ಮೇಲೆ ತೆಳು ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ, ಶೀಸೆಯಲ್ಲಿ ತುಂಬಿಡುತ್ತಿದ್ದಳು. ಹೊಟ್ಟೆನೋವಿಗೆ ಅದೇ ಔಷಧಿ. ಹಿಂಡುವಾಗ ಅವಳ ಬೆರಳ ಸಂದಿಗಳು ಬೆಳ್ಳಗೆ ಸುಕ್ಕುಗಟ್ಟುತ್ತಿದ್ದವು. ಈಗ ನಮ್ಮ ಕೇಂದ್ರದಲ್ಲಿ ಇದನ್ನು ನೋಡಿದ ಮಕ್ಕಳೇ ಇಲ್ಲ.

ಹಿಂದೆ ಬರುವವರು ಗಂಡುಮಕ್ಕಳೇ ಆಗಬೇಕೇ ಎಂದು ಕೇಳಿದ್ದೀರಿ. ನಮ್ಮ ಅಪ್ಪನಿಗೆ ಮೊಣಕಾಲು ನೋವು ಬಂದ ಮೇಲೆ ಅಣ್ಣ ಮುಂದೆ, ನಾನು ಹಿಂದೆ. ಊರಿನವರು ಯಾರೂ ಬಾಯಿ ತೆಗೆಯಲಿಲ್ಲ. ಮಗಳ ಕೈಗೆ ತಂಬಿಗೆ ಕೊಡಿ.

ಇನ್ನು ದಂಡೆಯ ವಿಷಯ. ಹಿನ್ನೀರಿನ ದಂಡೆಗೆ ಹೋಗಬೇಡಿ ಎನ್ನುವುದಿಲ್ಲ. ನಾನೂ ಹೋಗುತ್ತೇನೆ. ಬನ್ನಿಗಿಡವಿದ್ದ ದಿಕ್ಕಿಗೆ ನಿಂತು ಒಂದು ಹಿಡಿ ನೀರಿಗೆ ಬಿಟ್ಟು ಕೈಮುಗಿಯುತ್ತೇನೆ. ಅದು ಗಂಗೆಗೆ ಸಲ್ಲುವುದು, ನಮ್ಮ ಹಿರಿಯರಿಗೆ ಸಲ್ಲುವುದು. ಚರಗ ಬೇರೆ. ಬೆಳಿಗ್ಗೆ ದಂಡೆಗೆ ಹೋಗಿ ಬಂದು, ಆಮೇಲೆ ಬೆಳೆ ಇರುವ ಹೊಲಕ್ಕೆ ಬುಟ್ಟಿ ಒಯ್ಯಿರಿ. ಎರಡನ್ನೂ ಮಾಡಿದರೆ ನಿಮ್ಮ ಅವ್ವ ಅಂದು ಹೊಟ್ಟೆ ತುಂಬ ಉಣ್ಣುತ್ತಾಳೆ ಎಂದು ನನ್ನ ನಂಬಿಕೆ.

ಈಗ ನಾನು ಬಹಳ ದಿನದಿಂದ ಹೇಳಬೇಕೆಂದಿದ್ದ ಮಾತು. ನಮ್ಮ ಸೀಮೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಜನ ರೊಟ್ಟಿ, ಇಳಕಲ್ ಸೀರೆ, ಗುಳೇದಗುಡ್ಡದ ಖಣ ಎನ್ನುತ್ತಾರೆ. ಅವೆಲ್ಲ ಅಂಗಡಿಯಲ್ಲಿ ಸಿಗುತ್ತವೆ, ಬೆಂಗಳೂರಿನಲ್ಲೂ ಸಿಗುತ್ತವೆ. ಸಿಗದಿರುವುದು ನಮ್ಮ ವರ್ಷ. ಕಾರಹುಣ್ಣಿಮೆಗೆ ಎತ್ತು, ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಜಿಗುಟು ಎರೆಮಣ್ಣಿನ ಎತ್ತು, ಪಂಚಮಿಗೆ ಮರದ ಜೋಕಾಲಿ, ಗಣಪ ಹೋದ ಮೇಲೆ ಜೋಕುಮಾರ, ಮಹಾನವಮಿಗೆ ಬನ್ನಿ, ಆಮೇಲೆ ಸೀಗಿ ಹುಣ್ಣಿಮೆ, ಆಮೇಲೆ ಈ ಚರಗ. ಒಂದೊಂದಕ್ಕೂ ಒಂದು ಜಾಗ ಬೇಕು, ಒಂದು ಗಿಡ ಬೇಕು. ಊರು ಮುಳುಗಿದಾಗ ಹೋದದ್ದು ಆ ಜಾಗಗಳು.

ಜೋಕುಮಾರನ ವಿಷಯವನ್ನೇ ತೆಗೆದುಕೊಳ್ಳಿ. ಬೇವಿನ ಸೊಪ್ಪಿನ ನಡುವೆ ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಕೂರಿಸಿ, ಹೊತ್ತು ಹಾಡುತ್ತ ಬರುವ ಹೆಣ್ಣುಮಕ್ಕಳಿಗೆ ಹಳೆಯ ಊರಿನ ಓಣಿಗಳು ಕಣ್ಣು ಮುಚ್ಚಿದರೂ ಗೊತ್ತು. ಯಾರ ಮನೆಯಲ್ಲಿ ಮೊರದ ತುಂಬ ಜೋಳ ಕೊಡುತ್ತಾರೆ, ಯಾರ ಮನೆಯಲ್ಲಿ ಕೂಸಿದೆ, ಎಲ್ಲವೂ ಗೊತ್ತು. ಕೇಂದ್ರದಲ್ಲಿ ನಿವೇಶನ ಹಂಚಿದ ಕ್ರಮದಲ್ಲಿ ಮನೆಗಳು ಚೆಲ್ಲಾಪಿಲ್ಲಿಯಾದವು. ಹೊತ್ತು ತರುವ ಮನೆಯವರೇ ಬೇರೆ ಕೇಂದ್ರದ ಪಾಲಾದರು. ಕೆಲವು ವರ್ಷ ಜೋಕುಮಾರ ನಮ್ಮ ಬಾಗಿಲಿಗೆ ಬರಲೇ ಇಲ್ಲ. ಕೊನೆಗೆ ನಾವೇ ಹೆಣ್ಣುಮಕ್ಕಳು ಅವರ ಮನೆ ಹುಡುಕಿಕೊಂಡು ಹೋಗಿ, ಬನ್ನಿರಿ, ಓಣಿ ನಾವು ತೋರಿಸುತ್ತೇವೆ ಎಂದು ಕರೆತಂದೆವು. ಈಗ ಪ್ರತಿ ವರ್ಷ ಬರುತ್ತಾರೆ. ತಾನಾಗಿ ಏನೂ ಉಳಿಯುವುದಿಲ್ಲ, ತಮ್ಮ. ಯಾರಾದರೂ ಹೋಗಿ ಬಾಗಿಲು ತಟ್ಟಬೇಕು.

ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ನೀವು ನೋಡಿರುತ್ತೀರಿ. ನೀರಿನಲ್ಲಿ ಮುಳುಗಬಾರದೆಂದು ಸುತ್ತ ಬಾವಿಯಂತೆ ಗೋಡೆ ಕಟ್ಟಿ, ಒಳಗೆ ಇಳಿದು ಹೋಗುವಂತೆ ಮಾಡಿದ್ದಾರೆ. ಬಹಳ ಒಳ್ಳೆಯ ಕೆಲಸ, ಹೋದಾಗಲೆಲ್ಲ ಕೈಮುಗಿದು ಬರುತ್ತೇನೆ. ಪ್ರತಿ ಊರಿನ ಬನ್ನಿಗಿಡಕ್ಕೆ ಅಂಥ ಗೋಡೆ ಕಟ್ಟಲು ಆಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಸರ್ವೆ ಮಾಡಲು ಬಂದವರು ಮನೆ ಬರೆದುಕೊಂಡರು, ಬಾವಿ ಬರೆದುಕೊಂಡರು, ಮಾವಿನ ಗಿಡ ಎಣಿಸಿದರು. ಬನ್ನಿಗಿಡದ ಬುಡದ ಐದು ಕಲ್ಲುಗಳಿಗೆ ಅವರ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ.

ಈಗ ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರ್‌ವರೆಗೆ ಅವಕಾಶ ಕೊಟ್ಟಿದೆ. ಎತ್ತರಿಸುವುದು ಬೇಡ ಎಂದು ನಾನು ಹೇಳುವುದಿಲ್ಲ, ನೀರಿಗಾಗಿ ಕಾದ ಒಣಭೂಮಿ ವಿಜಯಪುರದ ಕಡೆ ಎಷ್ಟಿದೆ ಎಂದು ಬಲ್ಲೆ. ಆದರೆ ಮುಂದೆ ಮುಳುಗುವ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿ: ನಿಮ್ಮ ಹೊಲದ ಬನ್ನಿಯ ಕಾಯಿ ಒಣಗಿದಾಗ ಬೀಜ ತೆಗೆದಿಡಿ, ಸಸಿ ಮಾಡಿ. ಹೊಸ ಜಾಗ ಗೊತ್ತಾದ ದಿನವೇ ನೆಡಿ. ಜೋಕುಮಾರ ಯಾವ ಮನೆಯಿಂದ ಹೊರಡುತ್ತಾನೆ, ಪಲ್ಲಕ್ಕಿ ಯಾವ ಓಣಿಯಲ್ಲಿ ತಿರುಗುತ್ತದೆ, ಹೋಳಿಯ ಹಲಗೆ ಬಾರಿಸುವವರು ಯಾರು ಎಂದು ಬರೆದಿಟ್ಟು, ನಿವೇಶನ ಹಂಚುವ ಮೊದಲೇ ಓಣಿಯ ಪ್ರಕಾರ ಕೊಡಿ ಎಂದು ಪಂಚಾಯಿತಿಯಲ್ಲಿ ಠರಾವು ಮಾಡಿಸಿ. ಕೇಂದ್ರದ ಬದಿಯಲ್ಲಿ ಒಂದು ಎಕರೆಯನ್ನಾದರೂ ಊರಿನ ಹೆಸರಿನಲ್ಲಿ ಜೋಳಕ್ಕೆ ಬಿಡಿಸಿಕೊಳ್ಳಿ. ನಾವು ಇದನ್ನು ಕೇಳಲಿಲ್ಲ, ನಮಗೆ ಯಾರೂ ಹೇಳಿರಲಿಲ್ಲ.

ಮನೆಗಷ್ಟು ಜೋಳ, ಮುಧೋಳ

ಅಕ್ಕಾವರು ಹೇಳಿದ ಮೇಲೆ ನಾನು ಹೆಚ್ಚು ಹೇಳುವುದಿಲ್ಲ. ನಮ್ಮ ಕಡೆ ನೀರು ಬಂದು ಹೊಲ ಮುಳುಗಲಿಲ್ಲ, ನೀರು ಬಂದು ಹೊಲವೆಲ್ಲ ಕಬ್ಬಾಯಿತು. ಕಬ್ಬಿನಲ್ಲಿ ಚರಗ ಚೆಲ್ಲಲು ನಡೆಯುವುದಕ್ಕೇ ದಾರಿ ಇರುವುದಿಲ್ಲ. ಆ ಹೊತ್ತಿಗೆ ಕಟಾವಿನ ಗ್ಯಾಂಗ್ ಬೇರೆ ಬಂದಿರುತ್ತದೆ. ಆದರೂ ಬಾವಿಯ ಪಕ್ಕದ ಒಂದು ತುಂಡು ನೆಲದಲ್ಲಿ ಮಾಲ್ದಂಡಿ ಜೋಳ ಬಿತ್ತುವುದನ್ನು ಬಿಟ್ಟಿಲ್ಲ. ಮನೆಗೆ ರೊಟ್ಟಿ, ಎಮ್ಮೆಗಳಿಗೆ ಕಣಿಕೆ, ಮತ್ತು ಈ ಅಮಾವಾಸ್ಯೆ. ಲೆಕ್ಕ ಹಾಕಿದರೆ ಆ ತುಂಡಿನಲ್ಲಿಯೂ ಕಬ್ಬೇ ಲಾಭ ಎಂದು ಮಗ ಹೇಳುತ್ತಾನೆ. ನಾನು ಇರುವವರೆಗೆ ಆ ಮಾತು ಬೇಡ ಎಂದಿದ್ದೇನೆ.

ಅಣ್ಣ, ನೀವು ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವವರು. ನಮ್ಮ ಊರು ದಾರಿಯಿಂದ ಬಹಳ ದೂರವಿಲ್ಲ. ನಿಮ್ಮ ಅವ್ವನನ್ನೂ ಮಗಳನ್ನೂ ಕರೆದುಕೊಂಡು ನಮ್ಮ ಹೊಲಕ್ಕೆ ಬನ್ನಿ. ಬನ್ನಿಗಿಡ ಇದೆ. ಬಂದವರು ಬುಟ್ಟಿ ತರದಿದ್ದರೂ ನಡೆಯುತ್ತದೆ, ಆದರೆ ನಿಮ್ಮ ಅವ್ವ ಬಿಡುವುದಿಲ್ಲ ಎಂದು ತಿಳಿದಿದ್ದೇನೆ.

ಹೊಸ ಕೊಲ್ಹಾರ

ಹಳೆಯ ಕೊಲ್ಹಾರವೂ ಕೃಷ್ಣೆಯ ಹಿನ್ನೀರಿಗೆ ಹೋದದ್ದು ಎಲ್ಲರಿಗೂ ಗೊತ್ತು. ಊರು ಮೇಲಕ್ಕೆ ಬಂದಾಗ ಕೊಲ್ಹಾರದ ಮೊಸರು ಮುಗಿಯಿತು ಎಂದರು. ಎಮ್ಮೆ ಮೇಯುತ್ತಿದ್ದ ಹೊಳೆದಂಡೆಯ ಹುಲ್ಲೇ ಇಲ್ಲದ ಮೇಲೆ ಆ ರುಚಿ ಎಲ್ಲಿಂದ ಬರುತ್ತದೆ ಎಂದು ಕೇಳಿದವರೂ ಇದ್ದರು. ನಮ್ಮ ಮನೆಯ ಹೆಣ್ಣುಮಕ್ಕಳು ಮೊದಲು ಗಡಿಗೆಗಳನ್ನು ಹೊತ್ತು ತಂದರು, ಪಾತ್ರೆಪಗಡೆ ಆಮೇಲೆ ಬಂದವು. ಹಾಲನ್ನು ಸಣ್ಣ ಉರಿಯಲ್ಲಿ ಕೆನೆ ಕಟ್ಟುವವರೆಗೆ ಕಾಯಿಸಿ, ಮಣ್ಣಿನ ಗಡಿಗೆಗೆ ಹಾಕಿ ಹೆಪ್ಪು ಕೊಡುವುದು ಇಂದಿಗೂ ಹಾಗೆಯೇ ಇದೆ. ಗಡಿಗೆ ಬೋರಲು ಹಾಕಿದರೂ ಮೊಸರು ಬೀಳುವುದಿಲ್ಲ. ಹೆದ್ದಾರಿಯಲ್ಲಿ ಬಸ್ ನಿಂತರೆ ಮಾರುವವರು ಇಂದಿಗೂ ಕಾಣುತ್ತಾರೆ.

ಮುಧೋಳದ ಅಣ್ಣನ ಹೊಲಕ್ಕೆ ಹೋಗುವುದಾದರೆ ಹೇಳಿ. ಚರಗದ ಮೊಸರನ್ನಕ್ಕೆ ಒಂದು ಗಡಿಗೆ ನನ್ನದು, ಬಾಗಲಕೋಟೆಯ ಬಸ್ಸಿಗೆ ಹಾಕಿ ಕಳಿಸುತ್ತೇನೆ.

ಘಟಪ್ರಭೆ ದಂಡೆ, ಬೆಳಗಾವಿ

ಅಕ್ಕಾವರೇ, ಅಣ್ಣಂದಿರೇ, ಹೇಗೆ ಹೇಳಲಿ ತಿಳಿಯುತ್ತಿಲ್ಲ. ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಹೊಲವಿಲ್ಲದ ಮನೆಗಳ ಮಾತು ಬಂದಾಗ ಅವಳು ತಲೆಯಾಡಿಸಿದಳು. ನಮ್ಮ ಹೊಲದಲ್ಲಿ ಯಾರ ಯಾರ ಬುಟ್ಟಿ ಇಳಿಯುತ್ತಿತ್ತು ಎಂದು ಒಂದೊಂದೇ ಮನೆಯ ಹೆಸರು ಹೇಳುತ್ತ ಹೋದಳು. ಅಪ್ಪನ ಕೂಗು ಕೇಳಿದೆ. ನೀವು ಬರೆದದ್ದಕ್ಕಿಂತ ಸ್ವಲ್ಪ ಬೇರೆ ಇದೆ. ಮೂರು ಸಲ ಹೇಳಿಸಿ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡೆ, ಮಗಳು ಈಗ ಮನೆಯೆಲ್ಲ ಕೂಗುತ್ತ ತಿರುಗುತ್ತಿದ್ದಾಳೆ.

ಮುಧೋಳದ ಅಣ್ಣನವರೇ, ಖಂಡಿತ ಬರುತ್ತೇವೆ. ಬೆಳಿಗ್ಗೆ ದಂಡೆಗೆ ಹೋಗಿ, ಅಲ್ಲಿಂದ ನಿಮ್ಮಲ್ಲಿಗೆ.

ಅಕ್ಕಾವರಲ್ಲಿ ಇನ್ನೊಂದು ಕೇಳುವುದಿದೆ. ಅವ್ವನ ಕೈಗೆ ಈಗ ಬಲವಿಲ್ಲ, ಸಜ್ಜೆ ರೊಟ್ಟಿ ಬಡಿಯಲು ಆಗುವುದಿಲ್ಲ. ನನ್ನ ಹೆಂಡತಿ ಮೈಸೂರು ಸೀಮೆಯವಳು, ಕಲಿಯುತ್ತೇನೆ ಎನ್ನುತ್ತಾಳೆ. ಜೋಳದ ರೊಟ್ಟಿ ಹೇಗೋ ಬರುತ್ತದೆ, ಸಜ್ಜೆಯದು ಬಡಿಯುವಾಗಲೇ ಒಡೆಯುತ್ತದೆ. ಏನು ಮಾಡಬೇಕು?

ನಿವೃತ್ತ ಅಕ್ಕಾವರು, ಬೀಳಗಿ ತಾಲ್ಲೂಕು

ಮೈಸೂರು ಸೀಮೆಯವಳಾದರೆ ಮುದ್ದೆ ಕಟ್ಟಲು ಬಂದೇ ಬರುತ್ತದೆ. ಹಿಟ್ಟಿಗೆ ಎಸರು ಎಷ್ಟು ಕುದಿಯಬೇಕು ಎಂಬುದನ್ನು ಅವಳಿಗೆ ಹೇಳಿಕೊಡಬೇಕಿಲ್ಲ. ಸಜ್ಜೆಯ ಹಿಟ್ಟಿಗೆ ಜಿಗಿ ಕಡಿಮೆ. ತಣ್ಣೀರಿನಲ್ಲಿ ಕಲಸಿದರೆ ಒಡೆಯುತ್ತದೆ. ನೀರಿಗೆ ಉಪ್ಪು ಹಾಕಿ ಮರಳಲು ಬಿಟ್ಟು, ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿಯಲಿ. ಸೌಟಿನಿಂದ ಕಲಸಿ, ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ಚೆನ್ನಾಗಿ ನಾದಲಿ. ಎಲ್ಲವನ್ನೂ ಒಮ್ಮೆಲೇ ನಾದಬಾರದು, ಎರಡು ರೊಟ್ಟಿಗೆ ಆಗುವಷ್ಟು ಮಾತ್ರ. ಹಿಟ್ಟು ಹಳೆಯದಾದರೂ ಒಡೆಯುತ್ತದೆ, ಕಹಿಯೂ ಆಗುತ್ತದೆ. ಗಿರಣಿಯಿಂದ ಹೊಸದಾಗಿ ಬೀಸಿಸಿ ತನ್ನಿ.

ಉಂಡೆಯ ಅಂಚನ್ನು ಬೆರಳಿನಿಂದ ಒತ್ತಿ ಬಿರುಕು ಮುಚ್ಚಿಯೇ ಬಡಿಯಲು ಶುರು ಮಾಡಬೇಕು. ಅಂಚು ಸರಿಯಿದ್ದರೆ ರೊಟ್ಟಿ ಸರಿ. ಅರ್ಧ ಬಡಿದ ಮೇಲೆ ಎಳ್ಳು ಉದುರಿಸಿ, ಮತ್ತೆ ಮೆಲ್ಲಗೆ ಬಡಿದರೆ ಹತ್ತಿಕೊಳ್ಳುತ್ತದೆ. ಹಂಚಿಗೆ ಹಾಕುವಾಗ ಎಳ್ಳಿನ ಬದಿ ಕೆಳಗೆ. ಮೇಲಿನ ಬದಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರಿದ ಕೂಡಲೇ ತಿರುವಬೇಕು. ಬೆಂದ ಮೇಲೆ ಒಲೆಯ ಬದಿಗೆ ಒರಗಿಸಿ ಒಣಗಲು ಬಿಟ್ಟರೆ ಕಡಕ್ ಆಗುತ್ತದೆ. ಗ್ಯಾಸ್ ಒಲೆಯಾದರೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒತ್ತಿ ಒಣಗಿಸಲಿ.

ಕಡಕ್ ರೊಟ್ಟಿ ಕೆಡುವುದಿಲ್ಲ, ಎರಡು ಮೂರು ದಿನ ಮೊದಲೇ ಬಡಿದು ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟುಕೊಳ್ಳಿ. ಮೊದಲ ದಿನ ಒಡೆದವು ಮನೆಯಲ್ಲಿ ಮೊಸರಿಗೆ ಮುರಿದುಕೊಂಡು ತಿನ್ನಲು ಆಗುತ್ತವೆ, ಬುಟ್ಟಿಗೆ ಇಡೀ ರೊಟ್ಟಿಗಳೇ ಹೋಗಲಿ. ಕಡಬು, ಹೋಳಿಗೆ ಅಂದೇ ಬೆಳಗಿನ ಜಾವ ಮಾಡಬೇಕು. ಅವುಗಳನ್ನು ಅವ್ವ ಕೂತಲ್ಲಿಂದಲೇ ಹೇಳಿ ಮಾಡಿಸಲಿ. ಮುಧೋಳದವರಿಗೆ ಎಷ್ಟು ಜನ ಬರುತ್ತೀರಿ ಎಂದು ಮೊದಲೇ ತಿಳಿಸಿಬಿಡಿ, ನನ್ನದೂ ಒಂದು ತಲೆ ಸೇರಿಸಿಕೊಳ್ಳಿ. ಅಗಸಿ ಚಟ್ನಿ ನಾನು ತರುತ್ತೇನೆ.